ಕೆರೆ ತುಂಬಾ ಅಂತರಗಂಗೆ: ತೆಗೆಸಿದರೂ ಮತ್ತೆ ಬರುತ್ತಿದೆ, ಔಷಧಿ ಹೊಡೆಸಬೇಕಾ?

ಕೆರೆ ಕೆಳಗಿನ ಗದ್ದೆ
ಎಲ್ಲರಿಗೂ ನಮಸ್ಕಾರ. ಮದ್ದೂರು ಕಡೆಯ ಒಂದು ಹಳ್ಳಿ ನಮ್ಮದು. ಕೆರೆ ಕೆಳಗೆ ನಮಗೆ ಸ್ವಲ್ಪ ಗದ್ದೆ ಇದೆ. ಕೆರೆಯ ತುಂಬಾ ಅಂತರಗಂಗೆ (ನೀರಿನ ಮೇಲೆ ತೇಲುವ ವಾಟರ್ ಹಯಸಿಂತ್ ಕಳೆ) ಹಬ್ಬಿಕೊಂಡಿದೆ. ಹೋದ ವರ್ಷ ಜೆಸಿಬಿ, ಹಿಟಾಚಿ ಎರಡೂ ತಂದು ತೆಗೆಸಿದರು. ಏರಿ ಮೇಲೆ ನಿಂತರೆ ನೀರು ಕಾಣುತ್ತಿತ್ತು, ಊರವರಿಗೆಲ್ಲ ಖುಷಿ. ಗೌರಿ ಹಬ್ಬದ ಹೊತ್ತಿಗೆ ಮೂಲೆಯಲ್ಲಿ ಒಂದಿಷ್ಟು ಕಾಣಿಸಿತು. ದೀಪಾವಳಿ ಕಳೆಯುವಷ್ಟರಲ್ಲಿ ಅರ್ಧ ಕೆರೆ ಮುಚ್ಚಿತ್ತು. ಈಗ ಪೂರ್ತಿ.

ತೂಬಿನ ಬಾಯಿಗೆ ಬೇರು ಸಿಕ್ಕಿಕೊಂಡು ನೀರು ಸರಿಯಾಗಿ ಹರಿಯುವುದಿಲ್ಲ. ಮೊದಲ ಗದ್ದೆಯವರಿಗೂ ಕೊನೆ ಗದ್ದೆಯವರಿಗೂ ದಿನಾ ಜಗಳ. ದನ ನೀರಿಗೆ ಇಳಿಯುವ ಜಾಗವೂ ಮುಚ್ಚಿಹೋಗಿದೆ. ಸಂಜೆ ಆದರೆ ಸೊಳ್ಳೆ.

ಊರಲ್ಲಿ ಕೆಲವರು ಕಳೆನಾಶಕ ಹೊಡೆಸಿಬಿಡೋಣ, ವಾರದಲ್ಲಿ ಸುಟ್ಟುಹೋಗುತ್ತದೆ ಅನ್ನುತ್ತಿದ್ದಾರೆ. ಗ್ರಾಮಸಭೆ ಹತ್ತಿರ ಬಂತು. ನನಗೆ ಔಷಧಿ ಬೇಡ ಅನಿಸುತ್ತದೆ. ಆದರೆ ಬೇಡ ಅಂದ ಮೇಲೆ ಬೇರೆ ದಾರಿ ಏನು ಅಂತ ಹೇಳಬೇಕಲ್ಲ. ಯಾರಾದರೂ ನಿಮ್ಮೂರ ಕೆರೆಯಲ್ಲಿ ಇದನ್ನು ಗೆದ್ದಿದ್ದೀರಾ?

ಪಶ್ಚಿಮವಾಹಿನಿ
ಶ್ರೀರಂಗಪಟ್ಟಣದಲ್ಲೂ ಇದೇ ಗೋಳು. ಬೇಸಿಗೆಯಲ್ಲಿ ಕಾವೇರಿ ಹರಿವು ಕಮ್ಮಿ ಆದಾಗ ಸೇತುವೆ ಕಂಬದ ಹತ್ತಿರ, ಸ್ನಾನಘಟ್ಟದ ಹತ್ತಿರ ತುಂಬಿಕೊಳ್ಳುತ್ತದೆ. ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟಾಗ ಕೊಚ್ಚಿಕೊಂಡು ಹೋಗುತ್ತದೆ. ನಿಂತ ನೀರಿಗೆ ಆ ಅನುಕೂಲವೂ ಇಲ್ಲ.

ಶಿಂಷಾ ತೀರ
ಕೊಚ್ಚಿಕೊಂಡು ಎಲ್ಲಿಗೆ ಹೋಗುತ್ತದೆ ಸ್ವಾಮಿ? ಕೆಳಗಿನ ಊರಿಗೆ. ಒಂದು ಗಿಡ ಸಿಕ್ಕಿಕೊಂಡರೆ ಸಾಕು, ಅಲ್ಲಿ ಹೊಸ ಸಂಸಾರ ಶುರು.

ಮದ್ದೂರ್ವಡೆ
ನಾನು ನೇರವಾಗಿ ಹೇಳುತ್ತೇನೆ, ಔಷಧಿ ಹೊಡೆಸಿ. ಕೂಲಿ ಆಳು ಸಿಗುವುದಿಲ್ಲ. ಸಿಕ್ಕರೂ ಆ ಕೊಳಚೆಗೆ ಇಳಿಯಲು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಹಿಟಾಚಿ ಬಾಡಿಗೆ ಗಂಟೆ ಲೆಕ್ಕ. ಭತ್ತದ ಗದ್ದೆಗೆ 2,4-ಡಿ ಅನ್ನುವ ಕಳೆನಾಶಕ ಎಲ್ಲರೂ ಹೊಡೆಯುತ್ತೇವೆ ಅಲ್ವಾ? ಅದೇ ಔಷಧಿ ಇದಕ್ಕೂ ಕೆಲಸ ಮಾಡುತ್ತದೆ. ಗದ್ದೆಗೆ ಆಗುವುದು ಕೆರೆಗೆ ಯಾಕೆ ಆಗಬಾರದು?

ರೇಷ್ಮೆಗೂಡು
ಅಣ್ಣ, ಹಾಗೆ ಸಲೀಸಾಗಿ ಹೇಳಬೇಡಿ. ನಾವು ಮಳವಳ್ಳಿ ಕಡೆಯವರು, ಹುಳು ಸಾಕುತ್ತೇವೆ. 2,4-ಡಿ ಹನಿ ಗಾಳಿಗೆ ತೇಲಿ ಬಂದರೆ ಹಿಪ್ಪುನೇರಳೆ ಎಲೆ ಮುರುಟಿಕೊಳ್ಳುತ್ತದೆ. ಅಗಲ ಎಲೆಯ ಗಿಡ ಯಾವುದನ್ನೂ ಅದು ಬಿಡುವುದಿಲ್ಲ. ಟೊಮೆಟೊ, ಅವರೆ, ಹುರುಳಿ ಎಲ್ಲಕ್ಕೂ ಪೆಟ್ಟು. ನಿಮ್ಮ ಕೆರೆ ಸುತ್ತ ಬರೀ ಭತ್ತ, ಕಬ್ಬು ಇದೆಯಾ? ಯಾರ ತೋಟ ಎಲ್ಲಿದೆ ಅಂತ ನೋಡದೆ ಸ್ಪ್ರೇಯರ್ ಹೆಗಲಿಗೆ ಹಾಕಿಕೊಂಡರೆ ಇನ್ನೊಬ್ಬರ ಬೆಳೆ ಹೋಗುತ್ತದೆ.

ಇನ್ನೊಂದು ಮಾತು. ಗದ್ದೆ ನೀರನ್ನು ದನ ಕುಡಿಯುವುದಿಲ್ಲ, ಕೆರೆ ನೀರು ಕುಡಿಯುತ್ತವೆ.

ಬಲೆಗಾರ
ಔಷಧಿ ಹೊಡೆದ ಕೆರೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಪಕ್ಕದೂರಿನದು. ಹೊಡೆದು ನಾಲ್ಕೈದು ದಿನಕ್ಕೆ ಎಲೆ ಕಂದು ಬಣ್ಣಕ್ಕೆ ತಿರುಗಿತು. ಎಲ್ಲರೂ ಭೇಷ್ ಅಂದರು. ಆಮೇಲೆ ಇಡೀ ಹಾಸು ನೀರೊಳಗೆ ಕುಸಿದು ಕೊಳೆಯಲು ಶುರುವಾಯಿತು. ಬೆಳಗಿನ ಜಾವ ಹೋಗಿ ನೋಡಿದರೆ ಕಾಟ್ಲಾ, ರೋಹು ಎಲ್ಲ ನೀರಿನ ಮೇಲೆ ಬಾಯಿ ತೆಗೆದುಕೊಂಡು ಒದ್ದಾಡುತ್ತಿದ್ದವು. ಬಿಸಿಲು ಏರುವ ಹೊತ್ತಿಗೆ ಹೊಟ್ಟೆ ಮೇಲಾಗಿ ತೇಲಿದವು. ಗಾಳಿ ಕುಡಿದು ಬದುಕುವ ಕೊರವ ಮಾತ್ರ ಉಳಿಯಿತು. ಗುತ್ತಿಗೆ ಹಿಡಿದವನು ಮರಿ ಬಿಟ್ಟು ಕೈ ಖಾಲಿ ಮಾಡಿಕೊಂಡಿದ್ದ. ಅವನ ಮನೆಯವರ ಮುಖ ನೋಡಲು ಆಗುತ್ತಿರಲಿಲ್ಲ.

ಮದ್ದೂರ್ವಡೆ
ಒಂದೇ ಸಲ ಇಡೀ ಕೆರೆಗೆ ಹೊಡೆದರೆ ಹಾಗೇ ಆಗುವುದು. ಪಟ್ಟಿ ಪಟ್ಟಿಯಾಗಿ ಹೊಡೆಯಬೇಕು. ಒಂದು ಭಾಗ ಸತ್ತು ಕರಗಿದ ಮೇಲೆ ಇನ್ನೊಂದು ಭಾಗ.

ಮೇಷ್ಟ್ರು 1957
ಪಟ್ಟಿಯಾಗಿ ಹೊಡೆಯಬೇಕು ಎಂಬುದು ಸರಿಯಾದ ಮಾತೇ. ಆದರೆ ನಮ್ಮ ಕಡೆ ಯಾರು ಅಷ್ಟು ತಾಳ್ಮೆಯಿಂದ ಮಾಡುತ್ತಾರೆ? ಮೈಸೂರಿನಲ್ಲಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದವನು ನಾನು. ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಈ ಗಿಡ ನಮ್ಮದಲ್ಲ. ದಕ್ಷಿಣ ಅಮೆರಿಕದ ಅಮೆಜಾನ್ ಕಡೆಯದು. ಹೂವು ಚೆಂದ ಅಂತ ಹೂದೋಟದ ಕೊಳಗಳಿಗೆ ತಂದರು. ನಮ್ಮ ದೇಶಕ್ಕೆ ಬಂಗಾಳದ ಕಡೆಯಿಂದ 19ನೇ ಶತಮಾನದ ಕೊನೆಯಲ್ಲಿ ಬಂತು. ಅಲ್ಲಿ ಭತ್ತದ ಗದ್ದೆ, ದೋಣಿ ದಾರಿ ಎಲ್ಲ ಮುಚ್ಚಿಹೋಗಿ 1936ರಲ್ಲಿ ಇದಕ್ಕೆಂದೇ ಒಂದು ಕಾಯ್ದೆ ಮಾಡಬೇಕಾಯಿತು. 1937ರ ಚುನಾವಣೆಯಲ್ಲಿ ಪಕ್ಷಗಳು ಇದನ್ನು ತೆಗೆಸುತ್ತೇವೆ ಅಂತ ಪ್ರಣಾಳಿಕೆಯಲ್ಲಿ ಬರೆದವು. ಆ ಕಾಲಕ್ಕೇ ಅಷ್ಟು ಕಾಟ ಕೊಟ್ಟಿದೆ.

ಒಂದು ಗಿಡ ಕಿತ್ತು ಕೈಯಲ್ಲಿ ಹಿಡಿದು ನೋಡಿ. ಎಲೆಯ ತೊಟ್ಟು ಊದಿಕೊಂಡಿರುತ್ತದೆ. ಉಗುರಿನಲ್ಲಿ ಸೀಳಿದರೆ ಒಳಗೆ ಸ್ಪಂಜಿನ ಹಾಗೆ ಗಾಳಿ ಗೂಡುಗಳು. ಅದಕ್ಕೇ ಮುಳುಗುವುದಿಲ್ಲ. ಕೆಳಗೆ ಕಪ್ಪು, ನೇರಳೆ ಬಣ್ಣದ ಜೊಂಪೆ ಬೇರು. ಬುಡದಿಂದ ಅಡ್ಡಡ್ಡ ಒಂದು ಕುಡಿ ಹೊರಟು ಅದರ ತುದಿಯಲ್ಲಿ ಮರಿ ಗಿಡ. ಆ ಮರಿಗೆ ಇನ್ನೊಂದು ಮರಿ. ಬಿಸಿಲು, ಗೊಬ್ಬರದಂಥ ನೀರು ಎರಡೂ ಸಿಕ್ಕರೆ ಎರಡು ವಾರದೊಳಗೆ ಸಂಖ್ಯೆ ಎರಡರಷ್ಟು ಆಗುತ್ತದೆ. ಹತ್ತು ಗಿಡ ಬಿಟ್ಟು ಬಂದರೆ ಎರಡು ವಾರಕ್ಕೆ ಇಪ್ಪತ್ತು, ತಿಂಗಳಿಗೆ ನಲವತ್ತು. ಆರು ತಿಂಗಳು ಹೀಗೇ ಲೆಕ್ಕ ಹಾಕಿದರೆ ನಲವತ್ತು ಸಾವಿರ ದಾಟುತ್ತದೆ. ಗೌರಿ ಹಬ್ಬ, ದೀಪಾವಳಿ ಅಂತ ನೀವು ಹೇಳಿದ ಕಥೆ ಇದೇ.

ಇಷ್ಟು ಸಾಲದು ಅಂತ ಬೀಜವೂ ಇದೆ. ಹೂವು ಬಾಡಿದ ಮೇಲೆ ಕಡ್ಡಿ ನೀರಿನ ಕಡೆ ಬಾಗಿ ಬೀಜ ತಳಕ್ಕೆ ಇಳಿಯುತ್ತದೆ. ಹೂಳಿನಲ್ಲಿ ಹದಿನೈದು ಇಪ್ಪತ್ತು ವರ್ಷ ಸುಮ್ನೆ ಕೂತಿರಬಲ್ಲದು. ಕೆರೆ ಒಣಗಿ ಮತ್ತೆ ನೀರು ಬಂದಾಗ ಮೊಳೆಯುತ್ತದೆ. ಹಾಗಾಗಿ ಒಂದು ಸಲ ತೆಗೆಸಿ ಮುಗಿಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ವಿಜಯನಗರ 2ನೇ ಹಂತ
ಮೇಷ್ಟ್ರೇ, ಚೆನ್ನಾಗಿ ಬರೆದಿದ್ದೀರಿ. ಅಕ್ವೇರಿಯಂ ಅಂಗಡಿ, ನರ್ಸರಿಗಳಲ್ಲಿ ಇದನ್ನು ಈಗಲೂ ಮಾರುತ್ತಾರೆ. ಬಾಲ್ಕನಿಯ ತೊಟ್ಟಿಗೆ ಅಂತ ತರುತ್ತಾರೆ, ಜಾಸ್ತಿ ಆದಾಗ ಹತ್ತಿರದ ಕೆರೆಗೆ ಎಸೆಯುತ್ತಾರೆ. ದಯವಿಟ್ಟು ಯಾರೂ ಕೊಳ್ಳಬೇಡಿ. ಈಗಾಗಲೇ ಇದ್ದರೆ ಬಿಸಿಲಲ್ಲಿ ಪೂರ್ತಿ ಒಣಗಿಸಿ ಗುಂಡಿಗೆ ಹಾಕಿ.

ಹೊಲ ಗದ್ದೆ
ಹುಲ್ಲುಗೆಂಡೆ ಮೀನು ಬಿಟ್ಟರೆ ತಿನ್ನುವುದಿಲ್ವಾ? ಯಾರೋ ಹೇಳಿದ್ದರು.

ಬಲೆಗಾರ
ಇಲ್ಲ. ಹುಲ್ಲುಗೆಂಡೆ ನೀರೊಳಗಿನ ಮೆದು ಕಳೆ ತಿನ್ನುತ್ತದೆ. ಈ ದಪ್ಪ ತೊಟ್ಟನ್ನು ಮುಟ್ಟುವುದಿಲ್ಲ. ಮೇಲೆ ಹಾಸು ಇದ್ದರೆ ಬೆಳಕು ಇಳಿಯುವುದಿಲ್ಲ, ನೀರಲ್ಲಿ ಪಾಚಿ ಹುಟ್ಟುವುದಿಲ್ಲ, ಮೀನಿಗೆ ಮೇವೂ ಇಲ್ಲ ಉಸಿರೂ ಇಲ್ಲ. ಬಲೆ ಬೀಸಲು ಜಾಗವೂ ಇಲ್ಲ.

ಹೊಲ ಗದ್ದೆ
ಕೆರೆ ಗೆಂಡೆ ಸಾರು, ರಾಗಿ ಮುದ್ದೆ ತಿಂದು ಯಾವ ಕಾಲವಾಯಿತು. ಈಗ ಸಂತೆಯಲ್ಲಿ ಬರುವುದು ಆಂಧ್ರದ ಐಸ್ ಮೀನು.

ಪಶ್ಚಿಮವಾಹಿನಿ
ನಮ್ಮ ಅಜ್ಜಿ ಹುಣಸೆ ರಸ ಹೊಸ ಮಡಕೆಯಲ್ಲಿ ಕುದಿಸಿ ಮಾಡುತ್ತಿದ್ದರು. ಮಾರನೆ ದಿನ ಇನ್ನೂ ರುಚಿ.

ಶಿಂಷಾ ತೀರ
ಸಾರು ಆಮೇಲೆ ಮಾಡೋಣ, ಮೊದಲು ಕೆರೆ ಉಳಿಸೋಣ.

ಕೀಟಲೋಕ
ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ಓದುತ್ತಿದ್ದೇನೆ. ಇನ್ನೂ ಯಾರೂ ಜೀರುಂಡೆ ವಿಷಯ ಎತ್ತಿಲ್ಲ. ನಿಯೋಕೆಟಿನಾ ಅಂತ ಒಂದು ಮೂತಿಹುಳು ಇದೆ. ಅದರಲ್ಲಿ ಎರಡು ಜಾತಿ. ಐದು ಮಿಲಿಮೀಟರ್ ಉದ್ದ ಅಷ್ಟೇ. 1980ರ ದಶಕದ ಶುರುವಿನಲ್ಲಿ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ತರಿಸಿ, ಬೇರೆ ಬೆಳೆ ತಿನ್ನುವುದಿಲ್ಲ ಅಂತ ಪರೀಕ್ಷೆ ಮಾಡಿ, ಆಮೇಲೆ ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟರು. ಪಾರ್ಥೇನಿಯಂ ತಿನ್ನುವ ಮೆಕ್ಸಿಕೊ ಜೀರುಂಡೆಯನ್ನು ತಂದವರೂ ಅವರೇ.

ಈ ಹುಳು ರಾತ್ರಿ ಎಲೆಯ ಮೇಲ್ಪದರ ಕೆರೆದು ತಿನ್ನುತ್ತದೆ. ಎಲೆ ಮೇಲೆ ಚಿಕ್ಕ ಚಿಕ್ಕ ಚೌಕದ ಗುರುತು ಕಂಡರೆ ಅದೇ. ಹಗಲು ಬುಡದಲ್ಲಿ ಅವಿತಿರುತ್ತದೆ. ಮರಿಹುಳು ತೊಟ್ಟಿನೊಳಗೆ ಸುರಂಗ ಕೊರೆದು ಬುಡಕ್ಕೆ ಇಳಿಯುತ್ತದೆ. ಅಲ್ಲಿ ನೀರು ಹೊಕ್ಕು ಕೊಳೆತು ಗಿಡ ನಿಧಾನಕ್ಕೆ ಮುಳುಗುತ್ತದೆ. ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲಿ 1995ರ ನಂತರ ಬಿಟ್ಟು 2000ದ ಹೊತ್ತಿಗೆ ಕಳೆ ತುಂಬಾ ಇಳಿಯಿತು. ಔಷಧಿ ಇಲ್ಲ, ಕೂಲಿ ಇಲ್ಲ. ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದವರನ್ನು ಕೇಳಿ ನೋಡಬಹುದು.

ಮೇಷ್ಟ್ರು 1957
ವಿಕ್ಟೋರಿಯಾದ ಕಥೆಗೆ ಎರಡು ಮಗ್ಗುಲು ಇದೆ. ಅದೇ ಸಮಯಕ್ಕೆ ಎಲ್ ನಿನೋ (ಪೆಸಿಫಿಕ್ ಸಾಗರ ಬಿಸಿಯಾಗಿ ಹವಾಮಾನ ಏರುಪೇರಾಗುವುದು) ಬಂದು ಮಳೆ, ಮೋಡ, ಅಲೆ ಜಾಸ್ತಿ ಆಯಿತು. ಹುಳುವೇ ಮಾಡಿತು ಅಂತ ಒಬ್ಬರು, ಹವಾಮಾನ ಮಾಡಿತು ಅಂತ ಇನ್ನೊಬ್ಬರು ವಾದ ಮಾಡುತ್ತಾರೆ. ಎರಡೂ ಸೇರಿ ಆಗಿದೆ ಅನ್ನುವುದೇ ಸರಿ ಅಂತ ನನ್ನ ತಿಳುವಳಿಕೆ. ಹುಳು ಕೊರೆದು ಬಡವಾದ ಗಿಡ ಅಲೆಯ ಹೊಡೆತ ತಾಳಲಿಲ್ಲ.

ನಮ್ಮ ಹಳ್ಳಿ ಕೆರೆಗೆ ತೊಡಕು ಬೇರೆ. ಹುಳು ನೆಲೆ ನಿಂತು ಹೆಚ್ಚಾಗಲು ಎರಡು ಮೂರು ವರ್ಷ ಬೇಕು. ಅಷ್ಟರಲ್ಲಿ ಜೆಸಿಬಿ ಬಂದು ಗಿಡದ ಜೊತೆ ಹುಳುವನ್ನೂ ಎತ್ತಿ ಹಾಕುತ್ತದೆ. ಕೆರೆ ಒಣಗಿದರೂ ಮುಗಿಯಿತು. ಕೊಳಚೆ ನೀರು ಜಾಸ್ತಿ ಇರುವಲ್ಲಿ ಹುಳು ತಿನ್ನುವುದಕ್ಕಿಂತ ಬೇಗ ಗಿಡ ಚಿಗುರುತ್ತದೆ. ಹುಳು ಬಿಡುವುದಾದರೆ ಒಂದು ಮೂಲೆಯಲ್ಲಿ ಕಳೆಯನ್ನು ಹಗ್ಗ ಕಟ್ಟಿ ಉಳಿಸಿ ಅದರಲ್ಲಿ ಬೆಳೆಸಬೇಕು.

ಕೀಟಲೋಕ
ಸರಿ ಸಾರ್. ಕೋಶ ಕಟ್ಟುವುದೂ ನೀರಿನೊಳಗಿನ ಬೇರಿನಲ್ಲೇ. ಗಿಡ ದಡಕ್ಕೆ ಬಿದ್ದರೆ ಅದರ ಸಂತತಿ ಅಲ್ಲಿಗೆ ನಿಲ್ಲುತ್ತದೆ. ಆ ಮೂಲೆ ಉಳಿಸುವ ಉಪಾಯ ಚೆನ್ನಾಗಿದೆ.

ಮದ್ದೂರ್ವಡೆ
ಮೂರು ವರ್ಷ ಕಾಯುವಷ್ಟರಲ್ಲಿ ಕೊನೆ ಗದ್ದೆಯವನು ಗದ್ದೆ ಮಾರಿ ಬೆಂಗಳೂರಿಗೆ ಹೋಗಿರುತ್ತಾನೆ. ಈ ಬೆಳೆಗೆ ನೀರು ಬೇಕು. ಅದಕ್ಕೆ ಏನು ಮಾಡುತ್ತೀರಿ ಹೇಳಿ.

ಒಳಚರಂಡಿ ಎಂಜಿನಿಯರ್
ಈ ಬೆಳೆಗೆ ಬೇಕಾದರೆ ತೂಬಿನ ಸುತ್ತ ಮಾತ್ರ ತೆಗೆಸಿ, ಅಡ್ಡಲಾಗಿ ಬಿದಿರು ಕಟ್ಟಿಸಿ. ಅದು ಎರಡು ದಿನದ ಕೆಲಸ. ಮೊದಲು ಅದನ್ನು ಮಾಡಿ, ಜಗಳ ನಿಲ್ಲುತ್ತದೆ.

ಆದರೆ ಕೆರೆ ಕೆಳಗಿನ ಗದ್ದೆಯವರೇ, ನಿಮ್ಮ ಪೋಸ್ಟ್‌ನಲ್ಲಿ ಒಂದು ಮುಖ್ಯ ವಿಷಯವೇ ಇಲ್ಲ. ಊರಿನ ಚರಂಡಿ ನೀರು ಎಲ್ಲಿಗೆ ಹೋಗುತ್ತದೆ?

ಕೆರೆ ಕೆಳಗಿನ ಗದ್ದೆ
ಕೆರೆಗೇ ಸಾರ್. ಮುಂಚೆ ಬೀದಿ ಬೀದಿಗೆ ಇಂಗುತ್ತಿತ್ತು. ಸಿಮೆಂಟ್ ಚರಂಡಿ ಮಾಡಿದ ಮೇಲೆ ಎಲ್ಲ ಒಂದೇ ಕಡೆ ಬಂದು ಕೆರೆ ಮೇಲ್ಭಾಗದಲ್ಲಿ ಬೀಳುತ್ತದೆ. ಮನೆ ಮನೆಗೆ ನಲ್ಲಿ ಬಂದ ಮೇಲೆ ನೀರೂ ಜಾಸ್ತಿ. ಕೊಟ್ಟಿಗೆ ತೊಳೆದದ್ದು, ಸೋಪಿನ ನೀರು, ಕೆಲವು ಮನೆಗಳ ಶೌಚಾಲಯದ ನೀರೂ ಸೇರುತ್ತದೆ. ಜೊತೆಗೆ ಮೇಲಿನ ಗದ್ದೆಗಳ ಬಸಿ ನೀರು.

ಒಳಚರಂಡಿ ಎಂಜಿನಿಯರ್
ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಗಿಡಕ್ಕೆ ಬೇಕಾಗುವುದು ಸಾರಜನಕ, ರಂಜಕ. ಚರಂಡಿಯಿಂದ ಎರಡೂ ದಿನಾ ಬರುತ್ತಿವೆ. ಮೇಲಿನ ಗದ್ದೆಯ ಯೂರಿಯಾ, ಡಿಎಪಿ ಬಸಿದು ಬರುವುದು ಬೇರೆ. ನೀವು ಒಂದು ಕಡೆ ಗೊಬ್ಬರ ಹಾಕುತ್ತಾ ಇನ್ನೊಂದು ಕಡೆ ಕಳೆ ಕೀಳುತ್ತಿದ್ದೀರಿ. ಚರಂಡಿಗೆ ವ್ಯವಸ್ಥೆ ಮಾಡದೆ ಕಳೆಗೆ ಖರ್ಚು ಮಾಡಿದ ದುಡ್ಡೆಲ್ಲ ನೀರಿಗೆ ಹಾಕಿದ ದುಡ್ಡು. ಇದನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ.

ಹಳ್ಳಿಗೆ ದೊಡ್ಡ ಶುದ್ಧೀಕರಣ ಘಟಕ ಬೇಡ. ಚರಂಡಿ ಕೆರೆಗೆ ಸೇರುವ ಮುಂಚೆ ಒಂದು ತೊಟ್ಟಿ ಮಾಡಿ, ಗಸಿ ತಳಕ್ಕೆ ಇಳಿಯಲಿ. ಅದರ ಮುಂದೆ ಜಲ್ಲಿ ಹಾಸಿ ಆಪು, ಜೊಂಡು ನೆಟ್ಟು ನೀರು ಅದರೊಳಗೆ ನಿಧಾನಕ್ಕೆ ಹಾಯುವ ಹಾಗೆ ಮಾಡಿ. ಶೌಚಾಲಯದ ನೀರು ಮಾತ್ರ ಚರಂಡಿಗೆ ಬಿಡಲೇಬಾರದು, ಆಯಾ ಮನೆಯಲ್ಲೇ ಅವಳಿ ಗುಂಡಿ ಆಗಬೇಕು. ಸ್ವಚ್ಛ ಭಾರತ ಗ್ರಾಮೀಣ ಯೋಜನೆಯ ಎರಡನೇ ಹಂತದಲ್ಲಿ ಬೂದು ನೀರಿನ (ಬಚ್ಚಲು, ಅಡುಗೆಮನೆಯ ನೀರು) ನಿರ್ವಹಣೆ ಸೇರಿದೆ. ಪಿಡಿಒ ಹತ್ತಿರ ಆ ಹೆಸರಲ್ಲೇ ಕೇಳಿ.

ವಿಜಯನಗರ 2ನೇ ಹಂತ
ಮೈಸೂರಿನ ಕೆರೆಗಳದ್ದೂ ಇದೇ ಪಾಠ. ಕುಕ್ಕರಹಳ್ಳಿ ಕೆರೆ 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ್ದು, ಊರ ಹೊರಗಿನ ಹೊಲಗಳಿಗೆ ನೀರಾಗಲಿ ಅಂತ. ಬಡಾವಣೆ ಬೆಳೆದ ಮೇಲೆ ಕೊಳಚೆ ಸೇರಿತು. ನಂಜನಗೂಡು ರಸ್ತೆಯ ದಳವಾಯಿ ಕೆರೆ ನೋಡಿ, ಎಷ್ಟೋ ಸಲ ಪೂರ್ತಿ ಹಸಿರು ಮೈದಾನ. ಅಲ್ಲಿಂದ ಕೋಡಿ ಬಿದ್ದ ನೀರು ಕಬಿನಿ ಕಡೆಗೇ ಹೋಗುತ್ತದೆ. ಕುಡಿಯುವ ನೀರಿನ ನದಿ ಅದು.

ಹಕ್ಕಿನೋಟ
ನನಗೆ ಇದರಲ್ಲಿ ಒಂದು ತಕರಾರು ಇದೆ. ಕಳೆ ಅಂದ ತಕ್ಷಣ ಕೆರೆ ಅಂಚಿನ ಎಲ್ಲ ಹಸಿರನ್ನೂ ಕೆರೆದು ಹಾಕುತ್ತಾರೆ. ಜಂಬುಕೋಳಿ, ನೀರುಕೋಳಿಗಳು ಆಪು, ಜೊಂಡಿನ ಮರೆಯಲ್ಲಿ ಗೂಡು ಕಟ್ಟುತ್ತವೆ. ಹಿಟಾಚಿ ಬಂದ ಕೆರೆಯಲ್ಲಿ ಮೊಟ್ಟೆ ಮರಿ ಸಮೇತ ಎಲ್ಲ ಹೋದದ್ದನ್ನು ನೋಡಿ ಅತ್ತಿದ್ದೇನೆ.

ಶಿಂಷಾ ತೀರ
ಅಕ್ಕ, ಕೊಕ್ಕರೆ ಬೆಳ್ಳೂರು ನಮಗೆ ಹತ್ತಿರ. ಊರ ಮರಗಳ ಮೇಲೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಅವಕ್ಕೆ ಮೀನು ಬೇಕು. ಹೆಜ್ಜಾರ್ಲೆ ತೆರೆದ ನೀರಲ್ಲಿ ಈಜಿ ಚೀಲದ ಕೊಕ್ಕಿನಿಂದ ಮೀನು ಗೋರುತ್ತದೆ. ಅಂತರಗಂಗೆ ಮುಚ್ಚಿದ ಕೆರೆಯಲ್ಲಿ ಅದು ಇಳಿಯಲೂ ಆಗುವುದಿಲ್ಲ. ಒಂದು ಹಕ್ಕಿ ಉಳಿಸಲು ಹೋಗಿ ಇನ್ನೊಂದನ್ನು ಕಳೆಯುತ್ತೇವೆ.

ಹಕ್ಕಿನೋಟ
ಅಂತರಗಂಗೆ ಉಳಿಸಿ ಅಂತ ನಾನು ಹೇಳುತ್ತಿಲ್ಲ ತಮ್ಮಾ. ತೇಲುವ ಕಳೆ ತೆಗೆಯಿರಿ, ಬೇರೂರಿದ ಆಪು, ಜೊಂಡು, ತಾವರೆ ಬಿಡಿ. ಮಳೆಗಾಲದಲ್ಲಿ ಹಕ್ಕಿಗಳು ಮೊಟ್ಟೆ ಇಡುತ್ತವೆ, ಆಗ ಯಂತ್ರ ಇಳಿಸಬೇಡಿ. ಬೇಸಿಗೆಯಲ್ಲಿ ನೀರು ಇಳಿದಾಗ ತೆಗೆಸಿ. ಗುತ್ತಿಗೆದಾರನಿಗೆ ಬರವಣಿಗೆಯಲ್ಲಿ ಕೊಡಿ, ಬಾಯಿ ಮಾತು ನಡೆಯುವುದಿಲ್ಲ.

ಮದ್ದೂರ್ವಡೆ
ಇದು ಒಪ್ಪುವ ಮಾತು. ಬೇಸಿಗೆಯಲ್ಲಿ ಕೆರೆ ಅರ್ಧ ಒಣಗಿರುತ್ತದೆ, ಖರ್ಚೂ ಕಮ್ಮಿ.

ಗೊಬ್ಬರಗುಂಡಿ
ತೆಗೆದದ್ದನ್ನು ಎಲ್ಲಿ ಹಾಕಿದರು ಅಂತ ಯಾರೂ ಕೇಳಲಿಲ್ಲ. ಅಲ್ಲೇ ಏರಿ ಪಕ್ಕದಲ್ಲಿ ರಾಶಿ ಹಾಕಿದ್ದರೆ ಮೊದಲ ಮಳೆಗೆ ಅರ್ಧ ವಾಪಸ್ ಕೆರೆಗೆ ಹೋಗಿರುತ್ತದೆ.

ಕೆರೆ ಕೆಳಗಿನ ಗದ್ದೆ
ಏರಿ ಪಕ್ಕದಲ್ಲೇ ಹಾಕಿದ್ದರು ಅಣ್ಣ. ಬಿಲ್ಲು ಆಯಿತು, ಗುತ್ತಿಗೆದಾರ ಹೊರಟುಹೋದ.

ಗೊಬ್ಬರಗುಂಡಿ
ಹಾಗಾದರೆ ಈ ಸಲ ಬಿಲ್ಲಿಗೆ ಮುಂಚೆ ಇದನ್ನು ಹೇಳಿ. ಹಸಿ ಕಳೆಯಲ್ಲಿ ನೂರಕ್ಕೆ 95 ಪಾಲು ನೀರು. ದಟ್ಟವಾಗಿ ಬೆಳೆದ ಒಂದು ಹೆಕ್ಟೇರ್ 200 ಟನ್ ದಾಟುತ್ತದೆ, ಅಂದರೆ ಎಕರೆಗೆ 80 ಟನ್. ಅದನ್ನು ಹಸಿಯಾಗಿ ಟ್ರಾಕ್ಟರ್‌ಗೆ ತುಂಬಿದರೆ ನೀರಿಗೆ ಬಾಡಿಗೆ ಕೊಟ್ಟ ಹಾಗೆ. ಕೆರೆ ಅಂಗಳದ ಒಣ ಜಾಗದಲ್ಲಿ, ನೀರಿಗೆ ಜಾರದಷ್ಟು ದೂರ ಎಳೆದು, ಬೇರು ಮೇಲೆ ಮಾಡಿ ಹರಡಿ. ಬಿಸಿಲಿಗೆ ನಾಲ್ಕೈದು ದಿನ ಬಿಟ್ಟರೆ ಕುಗ್ಗಿ ಒಂದು ಹಿಡಿ ಆಗುತ್ತದೆ. ಆಮೇಲೆ ಸಾಗಿಸಿ.

ನಾನು ತೆಂಗಿನ ಬುಡಕ್ಕೆ, ಬಾಳೆಗೆ ಮುಚ್ಚಿಗೆ ಹಾಕುತ್ತೇನೆ. ಗುಂಡಿಗೆ ಹಾಕುವುದಾದರೆ ಒಂದು ಪದರ ಬಾಡಿದ ಕಳೆ, ಒಂದು ಪದರ ಕಬ್ಬಿನ ತರಗು, ಮೇಲೆ ಸಗಣಿ ಬಗ್ಗಡ. ನಮ್ಮ ಮಂಡ್ಯದಲ್ಲಿ ತರಗಿಗೆ ಬರ ಇಲ್ಲ, ಸುಮ್ನೆ ಸುಡುತ್ತೇವೆ. ಎರಡನ್ನೂ ಸೇರಿಸಿದರೆ ಹದವಾದ ತೇವ ಸಿಗುತ್ತದೆ. ಒಳಗೆ ಕೈ ಇಡಲು ಆಗದಷ್ಟು ಕಾವು ಬರಬೇಕು, ಆಗ ಬೀಜವೂ ಸಾಯುತ್ತದೆ. ಮಗುಚಿ ಹಾಕಿ ಎರೆಹುಳು ಬಿಡಿ. ಪೊಟ್ಯಾಷ್ ಚೆನ್ನಾಗಿ ಇರುವ ಗೊಬ್ಬರ, ಬಾಳೆಗೆ ಒಳ್ಳೆಯದು.

ನಂಜನಗೂಡು ರಸಬಾಳೆ
ಒಂದು ಎಚ್ಚರಿಕೆ. ಕಾರ್ಖಾನೆ ನೀರು ಸೇರುವ ಕೆರೆಯ ಕಳೆಯನ್ನು ಗೊಬ್ಬರ ಮಾಡಬೇಡಿ. ಈ ಗಿಡದ ಬೇರು ಸೀಸ, ಕ್ಯಾಡ್ಮಿಯಂನಂಥ ಲೋಹ ಹೀರಿ ಇಟ್ಟುಕೊಳ್ಳುತ್ತದೆ. ಅದು ಗೊಬ್ಬರದ ಮೂಲಕ ತರಕಾರಿಗೆ ಬರುತ್ತದೆ. ದನಕ್ಕೂ ಅಂಥ ಕೆರೆಯದ್ದು ಹಾಕಬಾರದು. ಹಳ್ಳಿ ಕೆರೆ ಆದರೆ ಪರವಾಗಿಲ್ಲ.

ರೇಷ್ಮೆಗೂಡು
ಅಸ್ಸಾಂ ಕಡೆ ಇದರ ತೊಟ್ಟು ಒಣಗಿಸಿ ಬುಟ್ಟಿ, ಚೀಲ, ಚಾಪೆ ಹೆಣೆಯುತ್ತಾರೆ. ಗುವಾಹಟಿ ಹತ್ತಿರದ ದೀಪರ್ ಬೀಲ್‌ನ ಮೀನುಗಾರರ ಮನೆಯ ಹೆಣ್ಣುಮಕ್ಕಳು ಯೋಗದ ಚಾಪೆ ಮಾಡಿದರು. ನಮ್ಮ ಸ್ತ್ರೀಶಕ್ತಿ ಸಂಘಗಳಿಗೆ ತರಬೇತಿ ಕೊಟ್ಟರೆ ಆಗುವುದಿಲ್ವಾ?

ಒಳಚರಂಡಿ ಎಂಜಿನಿಯರ್
ಮಾಡಲಿ, ನಾಲ್ಕು ಮನೆಗೆ ಸಂಪಾದನೆ ಆಗುತ್ತದೆ. ಆದರೆ ಬುಟ್ಟಿ ಹೆಣೆದು ಕೆರೆ ಖಾಲಿ ಆಗುವುದಿಲ್ಲ. ಹೆಣೆಯಲು ಉದ್ದ ತೊಟ್ಟು ಮಾತ್ರ ಬೇಕು, ಎಕರೆಗೆ 80 ಟನ್ ಬೇಡ. ಮಾರುಕಟ್ಟೆ ಬೆಳೆದರೆ ಕಳೆ ಬೆಳೆಸಲು ಶುರು ಮಾಡುತ್ತಾರೆ ಅನ್ನುವ ಭಯವೂ ನನಗಿದೆ.

ರೇಷ್ಮೆಗೂಡು
ಕೆರೆ ಖಾಲಿ ಆಗುತ್ತದೆ ಅಂತ ನಾನು ಹೇಳಲಿಲ್ಲ ಸಾರ್. ತೆಗೆದ ಮೇಲೆ ವಾರ ವಾರ ಆರಿಸಲು ಜನ ಬೇಕು ಅಲ್ವಾ? ಆರಿಸುವವರ ಕೈಗೆ ಏನಾದರೂ ಸಿಕ್ಕರೆ ಅವರು ಬರುತ್ತಾರೆ. ಸುಮ್ನೆ ಶ್ರಮದಾನ ಅಂದರೆ ಮೊದಲ ಭಾನುವಾರ ಎಲ್ಲರೂ ಬರುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಎರಡನೇ ಭಾನುವಾರ ಯಾರೂ ಇಲ್ಲ.

ಮೇಷ್ಟ್ರು 1957
ಈ ತಾಯಿ ಹೇಳಿದ್ದು ತೂಕದ ಮಾತು. ತೆಗೆಯುವ ದಿನಕ್ಕಿಂತ ತೆಗೆದ ನಂತರದ ಆರು ತಿಂಗಳು ಮುಖ್ಯ. ನಮ್ಮಲ್ಲಿ ಟೆಂಡರ್ ಇರುವುದು ತೆಗೆಯುವುದಕ್ಕೆ ಮಾತ್ರ, ಕಾಯುವುದಕ್ಕೆ ಇಲ್ಲ.

ಹೊಲ ಗದ್ದೆ
ಸೊಳ್ಳೆ ಬಗ್ಗೆ ಯಾರೂ ಹೇಳಲಿಲ್ಲ. ನಿಜಕ್ಕೂ ಇದರಿಂದಲೇ ಬರುತ್ತದಾ?

ಕೀಟಲೋಕ
ಬರುತ್ತದೆ. ಹಾಸಿನ ಕೆಳಗೆ ನೀರು ಅಲುಗಾಡುವುದಿಲ್ಲ, ಮೀನಿಗೆ ಒಳಗೆ ನುಗ್ಗಲು ಆಗುವುದಿಲ್ಲ. ಮ್ಯಾನ್ಸೋನಿಯಾ ಅಂತ ಒಂದು ಜಾತಿಯ ಸೊಳ್ಳೆ ಇದೆ. ಅದರ ಮರಿ ಉಸಿರಾಡಲು ಮೇಲಕ್ಕೇ ಬರುವುದಿಲ್ಲ, ಇಂಥ ಗಿಡದ ಬೇರಿಗೆ ನಳಿಕೆ ಚುಚ್ಚಿ ಅಲ್ಲಿಂದಲೇ ಗಾಳಿ ಎಳೆಯುತ್ತದೆ. ಕೇರಳದಲ್ಲಿ ಆನೆಕಾಲು ರೋಗ ಹರಡುವುದರಲ್ಲಿ ಅದರ ಪಾತ್ರ ಇತ್ತು. ನೀರಿನ ಮೇಲೆ ಎಣ್ಣೆ ಹಾಕಿದರೂ ಅದು ಸಾಯುವುದಿಲ್ಲ. ಗಿಡ ತೆಗೆಯುವುದೇ ದಾರಿ.

ಶಿಂಷಾ ತೀರ
ಗ್ರಾಮಸಭೆಗೆ ಹೋಗುವ ಮುಂಚೆ ಕೆರೆ ಯಾರ ಸುಪರ್ದಿಯಲ್ಲಿದೆ ತಿಳಿದುಕೊಳ್ಳಿ. ಅಚ್ಚುಕಟ್ಟು (ಕೆರೆ ನೀರು ಹಾಯುವ ಜಮೀನು) 40 ಹೆಕ್ಟೇರ್ ಒಳಗಿದ್ದರೆ ಪಂಚಾಯಿತಿ ಲೆಕ್ಕ, ಅದಕ್ಕಿಂತ ಮೇಲೆ 2000 ಹೆಕ್ಟೇರ್‌ವರೆಗೆ ಸಣ್ಣ ನೀರಾವರಿ ಇಲಾಖೆ. ಇಲ್ಲದಿದ್ದರೆ ಅರ್ಜಿ ಹಿಡಿದು ಆ ಬಾಗಿಲಿಂದ ಈ ಬಾಗಿಲಿಗೆ ಅಲೆಸುತ್ತಾರೆ. ಮೀನು ಗುತ್ತಿಗೆ ಯಾರು ಕೊಟ್ಟಿದ್ದಾರೆ ಅಂತಲೂ ನೋಡಿ. ಗುತ್ತಿಗೆ ಹಿಡಿದವರನ್ನು ಜೊತೆಗೆ ಕರೆದುಕೊಂಡರೆ ಅವರ ತೆಪ್ಪ, ಅವರ ಕೈ ಎರಡೂ ಸಿಗುತ್ತದೆ.

ಬಲೆಗಾರ
ನೂರಕ್ಕೆ ನೂರು ನಿಜ. ಕೆರೆ ತೆರೆದಿದ್ದರೆ ಮೊದಲು ಲಾಭ ನಮಗೆ. ಬಲೆ ಬಿಡಲು ದಿನಾ ಇಳಿಯುತ್ತೇವೆ, ಹೋಗುವಾಗ ಬರುವಾಗ ಕಂಡ ಗಿಡ ತೆಪ್ಪಕ್ಕೆ ಎಳೆದುಕೊಳ್ಳುವುದು ದೊಡ್ಡ ಕೆಲಸವಲ್ಲ. ಮರಿ ಗಿಡ ಬೆರಳ ಉದ್ದ ಇದ್ದಾಗಲೇ ತೆಗೆಯಬೇಕು.

ತೆಗೆಸುವಾಗ ಗಾಳಿ ನೋಡಿ. ಹಾಸು ಗಾಳಿ ಹೋಗುವ ಕಡೆಗೆ ತಳ್ಳಿಕೊಂಡು ಹೋಗುತ್ತದೆ. ಪಡುವಣ ಗಾಳಿ ಇದ್ದರೆ ಮೂಡಣ ದಡದಲ್ಲಿ ಒತ್ತಾಗಿ ನಿಲ್ಲುತ್ತದೆ. ಅಲ್ಲೇ ಯಂತ್ರ ನಿಲ್ಲಿಸಿ. ಹಿಂದಿನಿಂದ ಹಗ್ಗ ಎಳೆದು ಕಟ್ಟಿದರೆ ಗಾಳಿ ತಿರುಗಿದರೂ ಚದುರುವುದಿಲ್ಲ. ಯಂತ್ರದವನು ಅಟ್ಟಾಡಿಸಿಕೊಂಡು ಹೋದರೆ ಗಿಡ ತುಂಡಾಗಿ ಇನ್ನಷ್ಟು ಹರಡುತ್ತದೆ.

ಕೆರೆ ಕೆಳಗಿನ ಗದ್ದೆ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗ್ರಾಮಸಭೆ ಮುಗಿಯಿತು. ಆದದ್ದನ್ನು ಹೇಳುತ್ತೇನೆ.

ಔಷಧಿ ಬೇಡ ಅಂತ ಆಯಿತು. ಹಿಪ್ಪುನೇರಳೆ ಇರುವ ಮನೆಯ ಹೆಂಗಸರೇ ಎದ್ದು ನಿಂತರು, ನಾನು ಜಾಸ್ತಿ ಮಾತಾಡಬೇಕಾಗಲಿಲ್ಲ. ತೂಬಿನ ಸುತ್ತ ಈಗಲೇ ತೆಗೆದು ಬಿದಿರು ಕಟ್ಟುತ್ತಾರೆ. ಉಳಿದದ್ದು ಬೇಸಿಗೆಯಲ್ಲಿ. ತೆಗೆದ ಕಳೆಯನ್ನು ಗೋಮಾಳದ ಅಂಚಿಗೆ ಸಾಗಿಸಿದ ಮೇಲೆಯೇ ಬಿಲ್ಲು ಅಂತ ನಡಾವಳಿಯಲ್ಲಿ ಬರೆಸಿದೆವು. ಜೊಂಡು ಮುಟ್ಟಬಾರದು ಅಂತಲೂ ಸೇರಿಸಿದೆವು, ಹಕ್ಕಿನೋಟ ಅಕ್ಕನಿಗೆ ನೆಮ್ಮದಿ ಆಗಲಿ. ಮೀನು ಗುತ್ತಿಗೆಯವರು ವಾರಕ್ಕೊಮ್ಮೆ ಆರಿಸಲು ಒಪ್ಪಿದ್ದಾರೆ.

ಚರಂಡಿ ವಿಷಯಕ್ಕೆ ಬಂದಾಗ ಮಾತ್ರ ಗಲಾಟೆ. ತೊಟ್ಟಿಗೆ ಜಾಗ ಕೊಡಲು ಯಾರೂ ಒಪ್ಪುತ್ತಿಲ್ಲ, ವಾಸನೆ ಬರುತ್ತದೆ ಅನ್ನುತ್ತಾರೆ. ಕ್ರಿಯಾ ಯೋಜನೆಗೆ ಸೇರಿಸುತ್ತೇವೆ ಅಂತ ಹೇಳಿ ಮುಗಿಸಿದರು. ನಾನು ಬಿಡುವುದಿಲ್ಲ. ಎಂಜಿನಿಯರ್ ಸಾರ್, ಅಂಥ ತೊಟ್ಟಿ ಕೆಲಸ ಮಾಡುವ ಊರು ಯಾವುದಾದರೂ ಇದ್ದರೆ ಹೇಳಿ, ನಾಲ್ಕು ಜನರನ್ನು ಕರೆದುಕೊಂಡು ಹೋಗಿ ತೋರಿಸುತ್ತೇನೆ.

ಒಳಚರಂಡಿ ಎಂಜಿನಿಯರ್
ಖಂಡಿತ. ಖಾಸಗಿಯಾಗಿ ಮೆಸೇಜ್ ಮಾಡಿದ್ದೇನೆ ನೋಡಿ. ವಾಸನೆ ಬರುವುದು ಗಸಿ ತೆಗೆಯದೆ ಬಿಟ್ಟಾಗ. ವರ್ಷಕ್ಕೊಮ್ಮೆ ತೆಗೆಯುವ ಹೊಣೆ ಯಾರದು ಅಂತ ಅದೇ ನಡಾವಳಿಯಲ್ಲಿ ಬರೆಸಿ.

ಮದ್ದೂರ್ವಡೆ
ಔಷಧಿ ಬೇಡ ಅಂದಿರಿ, ಸರಿ. ವಾರ ವಾರ ಆರಿಸುವುದು ತಪ್ಪಿದರೆ ಮಾತ್ರ ಮುಂದಿನ ದೀಪಾವಳಿಗೆ ಮತ್ತೆ ಇಲ್ಲೇ ಬರುತ್ತೀರಿ. ಅದೊಂದು ಬಿಡಬೇಡಿ.

ಕೆರೆ ಕೆಳಗಿನ ಗದ್ದೆ
ಬಿಡುವುದಿಲ್ಲ ಅಣ್ಣ. ಬಲೆಗಾರರೇ, ಅಡ್ಡ ಕಟ್ಟಲು ಎಂಥ ಹಗ್ಗ ತರಲಿ? ಅಂಗಡಿಯಲ್ಲಿ ನೀಲಿ ಪ್ಲಾಸ್ಟಿಕ್ ಹಗ್ಗ ತೋರಿಸಿದರು.

ಬಲೆಗಾರ
ನೀಲಿಯದು ಬೇಡ, ಒಂದು ಬೇಸಿಗೆಗೆ ಪುಡಿಯಾಗುತ್ತದೆ. ನೈಲಾನ್ ತೆಗೆದುಕೊಳ್ಳಿ, ಹೆಬ್ಬೆರಳ ದಪ್ಪ. ಮಾರು ಮಾರಿಗೆ ಮುಚ್ಚಳ ಬಿಗಿಯಾದ ಖಾಲಿ ಎಣ್ಣೆ ಕ್ಯಾನ್ ಕಟ್ಟಿ, ಅದರ ಕೆಳಗೆ ಹಳೇ ಬಲೆ ಒಂದು ಮೊಳ ಇಳಿಬಿಡಿ. ಬಲೆ ಇಲ್ಲದಿದ್ದರೆ ಗಿಡ ಹಗ್ಗದ ಅಡಿಯಿಂದ ನುಸುಳುತ್ತದೆ. ಹಳೇ ಬಲೆ ನನ್ನ ಹತ್ತಿರ ಇದೆ, ಮದ್ದೂರು ಸಂತೆ ದಿನ ಬಂದರೆ ಕೊಡುತ್ತೇನೆ.